ಹಾಲು ಪಡೆದ ಬಗೆಯನ್ನು ಪೊಟ್ಟಣದ ಮೇಲೆ ಬರೆಯಲೇಬೇಕೆ?

ಜೈವಿಕ ತಂತ್ರಜ್ಞಾನದ ನೆರವಿನಿಂದ ಪಡೆದ ಹಾಲು, ಚೀಸುಗಳ ಲೇಬಲ್ಲಿನಲ್ಲಿ ಆ ಸಂಗತಿಯನ್ನು ಕಡ್ಡಾಯವಾಗಿ ನಮೂದಿಸಬೇಕೆ? ಅಮೆರಿಕದಲ್ಲಿ ಈ ಪ್ರಶ್ನೆ ಅಂಗಡಿಗಳನ್ನು ದಾಟಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅಲ್ಲಿನ ಅನುಭವವನ್ನೇ ಮುಂದಿಟ್ಟುಕೊಂಡು ಎರಡೂ ಪಕ್ಷಗಳ ವಾದವನ್ನು ಇಲ್ಲಿ ಮಂಡಿಸಿದೆ.

ಪರ

1993ರ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಮಾನ್ಸಾಂಟೊ ಕಂಪನಿಯ ಪೊಸಿಲ್ಯಾಕ್ ಎಂಬ ಚುಚ್ಚುಮದ್ದಿಗೆ ಒಪ್ಪಿಗೆ ನೀಡಿತು. ಹಸುವಿನ ಪಿಟ್ಯುಟರಿ ಗ್ರಂಥಿ ಸಹಜವಾಗಿಯೇ ಸ್ರವಿಸುವ ಸೊಮ್ಯಾಟೊಟ್ರೋಪಿನ್ ಹಾರ್ಮೋನನ್ನು, ಅದರ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಕಾರ್ಖಾನೆಯಲ್ಲಿ ತಯಾರಿಸಿದ ರೂಪವೇ ಈ ಮದ್ದು. ಕರು ಹಾಕಿ ಎರಡು ತಿಂಗಳಾದ ಮೇಲೆ ಹದಿನಾಲ್ಕು ದಿನಕ್ಕೊಮ್ಮೆ ಇದನ್ನು ಚುಚ್ಚಿದರೆ ಹಾಲು ಸುಮಾರು ಶೇ. 10ರಿಂದ 15ರಷ್ಟು ಹೆಚ್ಚುತ್ತದೆ. ಆ ಹಾಲನ್ನು ಕುಡಿಯುವವರಿಗೆ ಅಪಾಯವಿಲ್ಲವೆಂದು ಎಫ್‌ಡಿಎ ಹೇಳಿತು. ಆದರೆ ಹಸುವಿನ ಗತಿಯೇನು ಎಂಬುದೂ ಗ್ರಾಹಕರ ಪ್ರಶ್ನೆಯಾಗಿತ್ತು, ಅದಕ್ಕೆ ಈ ಉತ್ತರ ಸಾಲದು.

ಕೆಚ್ಚಲು ಬಾವಿನ ಸಂಭವ ಹೆಚ್ಚುತ್ತದೆಂದು ಮದ್ದಿನ ಜೊತೆಗೆ ಬರುವ ಮಾಹಿತಿ ಪತ್ರದಲ್ಲೇ ಬರೆದಿತ್ತು. ದನ ಸಾಕಿದವರಿಗೆ ಈ ಮಾತಿನ ತೂಕ ಗೊತ್ತು. ಕೆಚ್ಚಲು ಕಲ್ಲಿನಂತೆ ಬಿಗಿದು ಕೈಗೆ ಬಿಸಿ ತಾಗುತ್ತದೆ, ಮೊಲೆ ಮುಟ್ಟುವ ಮೊದಲೇ ಸಾಧು ಹಸುವೂ ಕಾಲು ಝಾಡಿಸುತ್ತದೆ, ಹಿಂಡಿದರೆ ನೀರಾದ ಹಾಲಿನಲ್ಲಿ ಬಿಳಿಯ ಗರಣೆಗಳು ಬೀಳುತ್ತವೆ. 1999ರಲ್ಲಿ ಕೆನಡಾ ಸರ್ಕಾರ, ಮನುಷ್ಯರ ಆರೋಗ್ಯಕ್ಕೆ ಗಣನೀಯ ಅಪಾಯ ಕಾಣುವುದಿಲ್ಲವೆಂದು ಒಪ್ಪಿಕೊಂಡೂ, ಕೆಚ್ಚಲು ಬಾವು, ಕುಂಟು ಮತ್ತು ಗಬ್ಬ ನಿಲ್ಲದಿರುವ ತೊಂದರೆಗಳನ್ನು ಮುಂದಿಟ್ಟು ಈ ಮದ್ದಿಗೆ ಅನುಮತಿ ನಿರಾಕರಿಸಿತು. ಐರೋಪ್ಯ ಒಕ್ಕೂಟವೂ ಪ್ರಾಣಿಗಳ ಹಿತವನ್ನೇ ಕಾರಣವಾಗಿಟ್ಟುಕೊಂಡು 2000ದಿಂದ ಇದನ್ನು ನಿಷೇಧಿಸಿತು. ಹೀಗೆ ಸರ್ಕಾರಗಳೇ ತೂಗಿ ನೋಡಿದ ಸಂಗತಿಯನ್ನು ತಿಳಿಯುವ ಹಕ್ಕು ಹಾಲು ಕೊಳ್ಳುವ ತಾಯಿಗೆ ಇರಬಾರದೇಕೆ?

ವರ್ಮಾಂಟ್ ರಾಜ್ಯ ಇಂಥ ಹಾಲಿಗೆ ಗುರುತು ಕಡ್ಡಾಯಗೊಳಿಸಿತು. 1996ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು, ಗ್ರಾಹಕರ ಕುತೂಹಲವೊಂದೇ ಉತ್ಪಾದಕರ ಮೇಲೆ ಹೇಳಿಕೆಯನ್ನು ಹೇರಲು ಸಾಲದೆಂದು ಆ ಕಾನೂನನ್ನು ತಡೆಹಿಡಿಯಿತು. ಹಸುವನ್ನು ನಡೆಸಿಕೊಂಡ ರೀತಿಯನ್ನು ಕೇಳುವುದು ಬರಿಯ ಕುತೂಹಲವೆಂದು ನಾನು ಒಪ್ಪಲಾರೆ. ಯಾವ ಆಹಾರ ಯಾರ ಕೈಯಿಂದ, ಯಾವ ಬಗೆಯಲ್ಲಿ ಬಂತೆಂದು ವಿಚಾರಿಸಿ ಉಣ್ಣುವುದು ನಮ್ಮ ಮನೆಗಳಲ್ಲಿ ಧರ್ಮದ ಮಾತೇ ಆಗಿದೆ. ಅಮೆರಿಕದಲ್ಲಿ ನೆಲೆಸಿದ ಸಸ್ಯಾಹಾರಿ ಕನ್ನಡಿಗರು ಚೀಸಿನ ಪೊಟ್ಟಣವನ್ನು ತಿರುಗಿಸಿ ಓದಿದಾಗ ಎಷ್ಟೋ ಸಲ ‘ಎಂಜೈಮ್‌ಗಳು’ ಎಂಬ ಒಂದೇ ಪದ ಕಾಣುತ್ತದೆ. ಹಾಲನ್ನು ಒಡೆಯಿಸುವ ಆ ವಸ್ತು ಕರುವಿನ ಹೊಟ್ಟೆಯಿಂದ ಬಂದದ್ದೋ, ಸೂಕ್ಷ್ಮಜೀವಿಯಿಂದ ಬಂದದ್ದೋ ತಿಳಿಯುವುದಿಲ್ಲ, ಅಲ್ಲಿನ ನಿಯಮ ಅಷ್ಟಕ್ಕೇ ಸುಮ್ಮನಾಗಲು ಬಿಡುತ್ತದೆ.

ವಿರೋಧ

ಆ ಚೀಸಿನಿಂದಲೇ ಆರಂಭಿಸೋಣ. ಹಾಲನ್ನು ಚೀಸಾಗಿ ಒಡೆಯಿಸುವ ರೆನ್ನೆಟ್‌ನ ಮುಖ್ಯ ಅಂಶ ಕೈಮೋಸಿನ್. ಹಿಂದೆ ಇದನ್ನು ಕೊಂದ ಎಳೆಗರುವಿನ ನಾಲ್ಕನೆಯ ಜಠರದಿಂದ ತೆಗೆಯುತ್ತಿದ್ದರು. 1990ರಲ್ಲಿ ಎಫ್‌ಡಿಎ, ಕರುವಿನ ಜೀನನ್ನು ಸೇರಿಸಿದ ಬ್ಯಾಕ್ಟೀರಿಯಾದಿಂದ ಪಡೆದ ಕೈಮೋಸಿನ್‌ಗೆ ಒಪ್ಪಿಗೆಯಿತ್ತಿತು. ಈಗ ಅಮೆರಿಕದ ಬಹುಪಾಲು ಚೀಸು ಹೀಗೆ ಹುದುಗುವಿಕೆಯಿಂದ ಪಡೆದ ಕೈಮೋಸಿನ್‌ನಿಂದಲೇ ತಯಾರಾಗುತ್ತದೆ. ಎಂಜೈಮನ್ನು ಶುದ್ಧೀಕರಿಸಿಯೇ ಹಾಲಿಗೆ ಹಾಕುತ್ತಾರೆ. ಹೆಪ್ಪಿನ ಮೊಸರಿನಂತೆ ಜೀವಂತ ಸೂಕ್ಷ್ಮಜೀವಿ ಇದರೊಡನೆ ತಿನ್ನುವವರ ಬಾಯಿಗೆ ಹೋಗುವುದಿಲ್ಲ. ಇಂಥ ಪೊಟ್ಟಣದ ಮೇಲೆ ‘ಜೀನ್ ತಂತ್ರಜ್ಞಾನದಿಂದ ತಯಾರಿಸಿದ್ದು’ ಎಂದಷ್ಟೇ ಕಡ್ಡಾಯವಾಗಿ ಅಚ್ಚು ಹಾಕಿದರೆ ಸಸ್ಯಾಹಾರಿಯೊಬ್ಬರು ಹೆದರಿ ಅದನ್ನು ಕೆಳಗಿಟ್ಟು, ಕರುವಿನ ರೆನ್ನೆಟ್ ಇರುವ ಹಳೆಯ ಬಗೆಯ ಚೀಸನ್ನೇ ಬುಟ್ಟಿಗೆ ಹಾಕಿಕೊಳ್ಳಬಹುದು. ತಂತ್ರವನ್ನು ಹೆಸರಿಸಿ, ಆ ತಂತ್ರ ಉಳಿಸಿದ ಕರುವನ್ನು ಹೇಳದೆ ಬಿಡುವ ಲೇಬಲ್ಲು ಅರ್ಧ ಸತ್ಯ.

ಹಾರ್ಮೋನಿನ ವಿಷಯದಲ್ಲಿ ಗ್ರಾಹಕರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಕೆಚ್ಚಲು ಬಾವಿನ ಮಾತು ನಿಜ. ಆದರೆ ಕಾನೂನಿನ ಬಲವಂತವಿಲ್ಲದೆಯೇ ಆ ಆತಂಕ ತನ್ನ ದಾರಿಯನ್ನು ಕಂಡುಕೊಂಡಿತು. ಈ ಮದ್ದು ಬಳಸದ ಡೈರಿಗಳು ಅದನ್ನು ತಾವಾಗಿಯೇ ಹೇಳಿಕೊಂಡವು. ಅಂಥ ಹೇಳಿಕೆಯ ಜೊತೆ, ಎರಡು ಹಾಲುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬಂದಿಲ್ಲವೆಂಬ ಮಾತೂ ಇರಲೆಂದು ಎಫ್‌ಡಿಎ 1994ರಲ್ಲೇ ಸೂಚಿಸಿತ್ತು. ಕೊಳ್ಳುವವರು ಅಂಥ ಹಾಲನ್ನೇ ಆರಿಸಿಕೊಳ್ಳತೊಡಗಿದರು. 2008ರಲ್ಲಿ ಕ್ರೋಗರ್ ಮತ್ತು ವಾಲ್‌ಮಾರ್ಟ್ ಮಳಿಗೆಗಳು ತಮ್ಮ ಹೆಸರಿನ ಹಾಲನ್ನು ಈ ಚುಚ್ಚುಮದ್ದು ಪಡೆಯದ ಹಸುಗಳಿಂದಲೇ ತರಿಸತೊಡಗಿದವು. ಅದೇ ವರ್ಷ ಮಾನ್ಸಾಂಟೊ ಪೊಸಿಲ್ಯಾಕ್ ವ್ಯವಹಾರವನ್ನು ಎಲೈ ಲಿಲ್ಲಿ ಕಂಪನಿಗೆ ಮಾರಿತು.

ಇನ್ನು ಜಾರಿಯ ಕಷ್ಟ. ಹಲವು ಕೊಟ್ಟಿಗೆಗಳ ಹಾಲು ಒಂದೇ ಟ್ಯಾಂಕರಿನಲ್ಲಿ ಬೆರೆಯುತ್ತದೆ. ಚುಚ್ಚುಮದ್ದು ಪಡೆದ ಹಸುವಿನ ಹಾಲನ್ನು ಡೈರಿಯ ಬಾಗಿಲಲ್ಲಿ ನಿತ್ಯದ ಪರೀಕ್ಷೆಗಳಿಂದ ಗುರುತಿಸಲಾಗುವುದಿಲ್ಲವಾದ್ದರಿಂದ ಕೊನೆಗೆ ರೈತನ ಪ್ರಮಾಣಪತ್ರವನ್ನೇ ನಂಬಬೇಕು. ಬೇರೆ ಟ್ಯಾಂಕರು, ಬೇರೆ ದಾಖಲೆಗಳ ಖರ್ಚನ್ನು ದೊಡ್ಡ ಡೈರಿ ತಾಳಿಕೊಂಡೀತು, ನಲವತ್ತು ಹಸುಗಳ ಕುಟುಂಬಕ್ಕೆ ಅದು ಹೊರೆಯೇ. ಚೀಸು ಕೊಳ್ಳುವ ಕನ್ನಡಿಗರಿಗೆ ಬೇಕಾದ ಉತ್ತರವಾದರೋ ಇನ್ನೂ ಸರಳ: ಇದರಲ್ಲಿ ಕರುವಿನ ರೆನ್ನೆಟ್ ಇದೆಯೋ ಇಲ್ಲವೋ. ಇಲ್ಲವೆಂದು ಹೇಳಬಲ್ಲ ಅನೇಕ ತಯಾರಕರು ‘ಸಸ್ಯಾಹಾರಿ ರೆನ್ನೆಟ್’ ಎಂದು ಈಗಾಗಲೇ ಪೊಟ್ಟಣದ ಮೇಲೆ ತಾವಾಗಿಯೇ ಅಚ್ಚು ಹಾಕಿಸುತ್ತಿದ್ದಾರೆ.