ತೆರೆಯಲೊಲ್ಲದ ಮದುವೆ

ವಿಡಿಯೋ ಪ್ಲೇಯರು ಕೈಕೊಡುವುದಕ್ಕೆ ಕಾರಣಗಳು ಹಲವಿದ್ದರೂ ಅದು ಆಡುವ ಮಾತು ಮಾತ್ರ ಒಂದೇ. ಫೈಲು ಅರ್ಧ ಮಾತ್ರ ನಕಲಾಗಿರಲಿ, ಒಳಗಿನ ಚಿತ್ರವನ್ನು ಬಿಡಿಸಿ ಓದುವ ಕೋಡೆಕ್ ಇಲ್ಲದಿರಲಿ, ಲಿಂಕಿನ ಅವಧಿ ಮುಗಿದಿರಲಿ, ‘ಈ ಫೈಲನ್ನು ತೆರೆಯಲಾಗಲಿಲ್ಲ’ ಎಂದಷ್ಟೇ ಹೇಳಿ, ತೆರೆಯಲಾಗದಿದ್ದುದಕ್ಕೆ ನಮ್ಮ ಒಪ್ಪಿಗೆಯನ್ನೂ ಗುಂಡಿ ಒತ್ತಿಸಿಕೊಂಡು ಪಡೆದೇ ತೊಲಗುತ್ತದೆ. ಕಾರಣ ಹುಡುಕುವ ಕೆಲಸ ಮನೆಯವರಿಗೆ ಬಿಟ್ಟದ್ದು.

ಚಿಕ್ಕಪ್ಪನ ಮಗಳ ಮದುವೆಯ ವಿಡಿಯೋ ಕೈಗೆ ಬಂದ ಭಾನುವಾರ ದಾವಣಗೆರೆಯ ನಮ್ಮ ಮನೆಯಲ್ಲಿ ಕಾರಣ ಹುಡುಕುವವರಿಗೆ ಬರವಿರಲಿಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆಗಳು ಕೈಯಿಂದ ಕೈಗೆ ಹೋಗುತ್ತಿರುವಾಗ ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಲಾಯಿತು; ವಾಲಗ ಮೊಳಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. “ಛತ್ರದಾಗ ಇನ್ನೂ ಕರೆಂಟು ಬಂದಿಲ್ಲ ಅಂತ ಕಾಣ್ತೈತಿ, ತಡೀರಿ” ಎಂದು ಅಜ್ಜಿ ಎಲ್ಲರಿಗೂ ಸಮಾಧಾನ ಹೇಳಿದರು. ಅಣ್ಣ ಟಿವಿಯನ್ನು ಆರಿಸಿ ಮತ್ತೆ ಹಾಕಿದ. ಚಿಕ್ಕಪ್ಪ ಪೆನ್‌ಡ್ರೈವನ್ನು ಊದಿ, ಪಂಚೆಯ ಅಂಚಿಗೆ ಒರೆಸಿ, ದೇವರನ್ನು ನೆನೆದು ಇನ್ನೊಮ್ಮೆ ಸಿಕ್ಕಿಸಿದರು. ವಾಲಗ ಮೊದಲಿಗಿಂತ ಜೋರಾಗಿ ಕೇಳಿಸಿತು.

ಅಣ್ಣನ ಮಗ ಎಂಜಿನಿಯರಿಂಗ್ ಓದುತ್ತಿರುವವನು. ಅವನು ಲ್ಯಾಪ್‌ಟಾಪ್ ತಂದು, ಫೈಲಿನ ಹೆಸರಿನ ಕೊನೆಯಲ್ಲಿದ್ದ ಎಂಕೆವಿಯನ್ನು ಅಳಿಸಿ ಎಂಪಿ4 ಎಂದು ಬರೆದು, ಇನ್ನು ಓಡಲೇಬೇಕು ಎಂದು ಘೋಷಿಸಿದ. ಹತ್ತಿ ಗಿರಣಿಯಲ್ಲಿ ಬದುಕು ಸವೆಸಿದ ದೊಡ್ಡಪ್ಪ ಅಲ್ಲಿಯವರೆಗೆ ಮಾತಾಡಿರಲಿಲ್ಲ. “ಲೇ ತಮ್ಮಾ, ಅಂಡಿಗೆ ಮ್ಯಾಲಿನ ಗೋಣಿತಟ್ಟು ಬದಲಿಸಿದ್ರ ಒಳಗಿನ ಹತ್ತಿ ಬದಲಾಗ್ತೈತೇನಲೇ?” ಎಂದರು. ಈ ವಿಷಯವನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ತಿಳಿಸಿ ಹೇಳಿಲ್ಲ. ಎಂಕೆವಿ, ಎಂಪಿ4, ಎವಿಐ ಎಂಬುವೆಲ್ಲ ಚಿತ್ರ, ಧ್ವನಿಗಳನ್ನು ಒಟ್ಟಿಗೆ ಕಟ್ಟಿಡುವ ಹೊರಗಿನ ಹೊದಿಕೆಗಳು. ಒಳಗಿನ ಚಿತ್ರವನ್ನು ಯಾವ ಬಗೆಯಲ್ಲಿ ಒತ್ತಿ ತುಂಬಿದ್ದಾರೆ ಎಂಬುದು ಬೇರೆಯೇ ಸಂಗತಿ. 2003ರಲ್ಲಿ ಬಂದ ಎಚ್.264 ಎಂಬ ಬಗೆಯನ್ನು ನಮ್ಮ ಹಳೆಯ ಟಿವಿ ಬಲ್ಲದು. ಈ ಮದುವೆಯ ವಿಡಿಯೋವನ್ನು ತುಂಬಿದ್ದುದು 2013ರ ಎಚ್ಇವಿಸಿ ಬಗೆಯಲ್ಲಿ. ಅದು ಹೆಚ್ಚುಕಡಿಮೆ ಅದೇ ಗುಣಮಟ್ಟದ ಚಿತ್ರವನ್ನು ಸುಮಾರು ಅರ್ಧ ಜಾಗದಲ್ಲಿ ಹಿಡಿಸುತ್ತದಾದರೂ ಬಿಡಿಸಿ ಓದುವ ಸಾಮರ್ಥ್ಯ ಟಿವಿಯ ಚಿಪ್ಪಿನಲ್ಲೇ ಇರಬೇಕಾಗುತ್ತದೆ. ಧ್ವನಿಯ ಬಗೆ ಹಳೆಯದಾಗಿದ್ದುದರಿಂದ ವಾಲಗಕ್ಕೆ ಯಾವ ಅಡ್ಡಿಯೂ ಆಗಲಿಲ್ಲ.

ಕೊನೆಗೆ ಲ್ಯಾಪ್‌ಟಾಪಿಗೆ ವಿಎಲ್‌ಸಿ ಹಾಕಿ, ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಜೋಡಿಸಿದ ಮೇಲೆ ವಧು, ವರರಿಬ್ಬರೂ ಕಾಣಿಸಿಕೊಂಡರು. 1996ರಲ್ಲಿ ಪ್ಯಾರಿಸ್ಸಿನ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಆರಂಭಿಸಿದ ಯೋಜನೆಯಿಂದ ಬೆಳೆದ ಈ ತಂತ್ರಾಂಶವು ಬೇಕಾದ ಕೋಡೆಕ್‌ಗಳನ್ನು ಕಂಪ್ಯೂಟರಿನಿಂದ ಸಾಲ ಕೇಳದೆ ತಾನೇ ಹೊತ್ತು ತರುತ್ತದೆ. ಉಳಿದವು ಕೈಚೆಲ್ಲಿದ ಫೈಲನ್ನು ಇದು ತೆರೆಯುವುದರ ಗುಟ್ಟು ಬಹುಮಟ್ಟಿಗೆ ಅಷ್ಟೇ. ಅಣ್ಣನ ಮಗ ತನಗೂ ಒಂದು ಪ್ರತಿ ಬೇಕೆಂದು ಹೊರಟು, 32 ಜಿಬಿಯ ಖಾಲಿ ಪೆನ್‌ಡ್ರೈವಿನಲ್ಲಿ 6 ಜಿಬಿಯ ಮದುವೆ ಹಿಡಿಸುತ್ತಿಲ್ಲವೆಂದು ಅರ್ಧ ಗಂಟೆ ಒದ್ದಾಡಿದ್ದು ಬೇರೆ ಕಥೆ. ಫ್ಯಾಟ್32 ಎಂಬ ಹಳೆಯ ಏರ್ಪಾಟಿನಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವು, ಎಷ್ಟೇ ಜಾಗ ಖಾಲಿ ಇದ್ದರೂ 4 ಜಿಬಿ ಮುಟ್ಟಿದ ಒಂಟಿ ಫೈಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಚಿತ್ರದುರ್ಗದ ಸೋದರತ್ತೆಯದು ಇನ್ನೂ ಚಿಕ್ಕ ಕಥೆ: ಮದುವೆಯ ನೇರಪ್ರಸಾರದ ಲಿಂಕನ್ನು ಅವರು ಬೀಗರ ಊಟವೂ ಮುಗಿದ ಮೇಲೆ ಒತ್ತಿ, ತಮ್ಮನ್ನು ಬೇಕೆಂದೇ ಹೊರಗಿಟ್ಟಿದ್ದಾರೆಂದು ಮುನಿಸಿಕೊಂಡರು. ಅಂಥ ಲಿಂಕಿನ ಹಿಂದೆ ಇರುವುದು ಕೆಲವೇ ಸೆಕೆಂಡುಗಳ ತುಣುಕುಗಳ ಪಟ್ಟಿ. ತುಣುಕುಗಳನ್ನು ಸರ್ವರಿನಿಂದ ತೆಗೆದುಹಾಕಿದ ಮೇಲೆ ಪ್ಲೇಯರಿಗೆ ಸಿಗುವುದೇನೂ ಇರುವುದಿಲ್ಲ. ಇದನ್ನು ಅತ್ತೆಗೆ ವಿವರಿಸುವುದಕ್ಕಿಂತ ಒಂದು ಸೀರೆ ಕಳುಹಿಸುವುದು ಸುಲಭವಾಯಿತು.

ನಿಜವಾದ ಗಂಡಾಂತರ ಬಂದದ್ದು ತಾಳಿ ಕಟ್ಟುವ ಹೊತ್ತಿನ ದೃಶ್ಯಕ್ಕೆ. ವಿಡಿಯೋದವರ ಕ್ಯಾಮೆರಾಕ್ಕೆ ಸರಿಯಾಗಿ ಆ ಕ್ಷಣದಲ್ಲಿ ನೆಂಟರ ಬೆನ್ನುಗಳಷ್ಟೇ ಸಿಕ್ಕಿದ್ದವು. ಎದುರಿನಿಂದ ಹಿಡಿದವರು ಅತ್ತಿಗೆ ಒಬ್ಬರೇ. ಅವರ ಹಳೆಯ ಫೋನೋ, ಬ್ಯಾಟರಿ ಇನ್ನೂ ಇದೆ ಎಂದು ತೋರಿಸುತ್ತಲೇ ಆರಿಹೋಗುವಂಥದ್ದು. ಅಕ್ಷತೆ ಬೀಳುತ್ತಿರುವಾಗಲೇ ಅದು ಆರಿತು. ಫೈಲು ಉಳಿದಿತ್ತು, ಗಾತ್ರವೂ ಸಾಕಷ್ಟಿತ್ತು, ಆದರೆ ಯಾವ ಪ್ಲೇಯರೂ ಅದನ್ನು ಮುಟ್ಟಲಿಲ್ಲ. ಫೋನು ಚಿತ್ರಗಳನ್ನು ಒಂದರ ಹಿಂದೊಂದು ಬರೆಯುತ್ತಾ ಹೋಗುತ್ತದೆ. ಯಾವ ಚಿತ್ರ ಎಲ್ಲಿದೆ, ಎಷ್ಟು ದೊಡ್ಡದು, ಯಾವಾಗ ತೋರಿಸಬೇಕು ಎಂಬ ‘ಮೂವ್’ ಹೆಸರಿನ ಪಟ್ಟಿಯನ್ನು ಸಾಮಾನ್ಯವಾಗಿ ನಾವು ನಿಲ್ಲಿಸುವ ಗುಂಡಿ ಒತ್ತಿದ ಮೇಲೆ ಬರೆದು ಮುಗಿಸುತ್ತದೆ. ಪಟ್ಟಿಯಿಲ್ಲದ ಎಂಪಿ4ರಲ್ಲಿ ಮದುವೆ ಇದ್ದೂ ಇಲ್ಲದಂತೆ.

ಇದಕ್ಕೂ ಮದ್ದಿದೆ. ‘ಅನ್‌ಟ್ರಂಕ್’ ಎಂಬ ಉಚಿತ ತಂತ್ರಾಂಶವು ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಕೆಡದ ವಿಡಿಯೋ ಒಂದನ್ನು ಮಾದರಿಯಾಗಿಟ್ಟುಕೊಂಡು, ಕಳೆದುಹೋದ ಪಟ್ಟಿಯನ್ನು ಮತ್ತೆ ಕಟ್ಟಲು ನೋಡುತ್ತದೆ.

“ಅತ್ತಿಗೆ, ನಿಮ್ಮ ಫೋನಿನಾಗ ಬೇರೆ ವಿಡಿಯೋ ಏನಾದ್ರೂ ಐತೇನ್ರಿ?”

“ಮದುವಿಗೆ ಜಾಗ ಸಾಲಲ್ಲ ಅಂತ ಎಲ್ಲಾ ಅಳಿಸಿಬಿಟ್ಟೆ ಕಣಪ್ಪ. ದೋಸೆದೊಂದು ಉಳಿದೈತಿ.”

ಕಟ್ಟಿಗೆ ಒಲೆಯ ಕಾವಲಿಯ ಮೇಲೆ ಬೆಣ್ಣೆದೋಸೆಗಳು ಸಾಲಾಗಿ ಬೇಯುತ್ತಿರುವ ವಿಡಿಯೋ ಅದು. ತೌರಿನವರಿಗೆ ದಾವಣಗೆರೆಯ ಹಿರಿಮೆಯನ್ನು ತೋರಿಸಲೆಂದು ತೆಗೆದಿಟ್ಟುಕೊಂಡದ್ದು. ತಂತ್ರಾಂಶವು ದೋಸೆಯನ್ನು ನೋಡಿ ಮದುವೆಯ ಲೆಕ್ಕ ಹಾಕುತ್ತಿರುವಾಗ ಅಜ್ಜಿ ನಡುನಡುವೆ ಇಣುಕಿ, “ಇನ್ನೂ ಬೆಂದಿಲ್ಲೇನು?” ಎಂದು ವಿಚಾರಿಸಿದರು. ಕಟ್ಟಕಡೆಗೆ ಹೊರಬಂದ ಹೊಸ ಫೈಲಿನಲ್ಲಿ ಧ್ವನಿ ಒಂದಿಷ್ಟು ಹಿಂದೆ ಬಿದ್ದಿತ್ತು. ತಾಳಿ ಕಟ್ಟಿದ ಮೇಲೆ ‘ಗಟ್ಟಿಮೇಳ’ ಕೇಳಿಸುತ್ತಿತ್ತು. ವಿಎಲ್‌ಸಿಯಲ್ಲಿ ಧ್ವನಿಯನ್ನು ಹಿಂದುಮುಂದು ಸರಿಸಲು ಜೆ ಮತ್ತು ಕೆ ಕೀಲಿಗಳಿವೆ. ಒತ್ತುತ್ತಾ ಹೋದಂತೆ ಗಟ್ಟಿಮೇಳವು ಮುಹೂರ್ತಕ್ಕೆ ಸರಿಯಾಗಿ ಬಂದು ಕೂತಿತು.

ದೋಸೆಯ ವಿಡಿಯೋವನ್ನು ಅತ್ತಿಗೆ ಯಾರಿಗೂ ಅಳಿಸಲು ಬಿಟ್ಟಿಲ್ಲ. ಫೋನು ಅದೇ ಇದೆ, ಶ್ರಾವಣದಲ್ಲಿ ಅವರ ತಮ್ಮನ ಮದುವೆ ಇದೆ.