ಒಪ್ಪಂದ ಹರಿದು ತೈಲ ಮಾರಲು ಹೊರಟ ಅಧ್ಯಕ್ಷ

ಡೊನಾಲ್ಡ್ ಟ್ರಂಪ್ ಅವರನ್ನು ಟೀಕಿಸಿ ನಾಲ್ಕು ಸಾಲು ಬರೆದರೆ ಸಾಕು, "ನಿಮಗೇಕೆ ಅಮೆರಿಕದ ಉಸಾಬರಿ?" ಎಂದು ಕೇಳುವವರು ನನ್ನ ಸ್ನೇಹಿತರ ಪಟ್ಟಿಯಲ್ಲೇ ಇದ್ದಾರೆ. 2019ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ನಿನ ಕ್ರೀಡಾಂಗಣದಲ್ಲಿ, ಮರುವರ್ಷದ ಫೆಬ್ರುವರಿಯಲ್ಲಿ ಅಹಮದಾಬಾದಿನ ಮೊಟೆರಾದಲ್ಲಿ ಮೋದಿ ಮತ್ತು ಟ್ರಂಪ್ ಅವರಿಗೆ ಜೈಕಾರ ಮೊಳಗಿದಾಗ ಇವರಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಇರಲಿ. ಇದು ಪಕ್ಷ ವಹಿಸಿ ಬರೆದ ಬರಹವೆಂದು ಮೊದಲೇ ಹೇಳಿಬಿಡುತ್ತೇನೆ. ಎರಡೂ ಕಡೆಯ ವಾದವನ್ನು ಸಮನಾಗಿ ತೂಗುವ ಕೆಲಸ ಸಂಪಾದಕೀಯ ಬರೆಯುವವರದು, ನನ್ನದಲ್ಲ.

ಟ್ರಂಪ್ ವಿರೋಧಿಗಳಲ್ಲೂ ಒಂದು ರೂಢಿಯ ಮಾತಿದೆ. ಅವರ ವಿದೇಶಾಂಗ ನೀತಿ ಹುಚ್ಚಾಟ, ಹವಾಮಾನ ನೀತಿ ಅಜ್ಞಾನ ಎನ್ನುತ್ತಾರೆ. ನನಗೆ ಇವೆರಡೂ ಒಪ್ಪಿಗೆಯಿಲ್ಲ. ಹುಚ್ಚಿಗೆ ಲೆಕ್ಕಾಚಾರ ಇರುವುದಿಲ್ಲ, ಇಲ್ಲಿ ಇದೆ. ಎರಡೂ ನೀತಿಗಳು ಒಂದೇ ವ್ಯಾಪಾರದ ಎರಡು ಕೈಗಳು: ಒಂದು ಕೈ ಅಮೆರಿಕದ ತೈಲ ಮತ್ತು ಅನಿಲವನ್ನು ಮಾರುತ್ತದೆ, ಇನ್ನೊಂದು ಅವುಗಳಿಗೆ ಪೈಪೋಟಿ ಕೊಡುವ ಎಲ್ಲವನ್ನೂ ಹಿಡಿದು ಹಿಂದಕ್ಕೆಳೆಯುತ್ತದೆ.

2017ರ ಜೂನ್ 1ರಂದು ಶ್ವೇತಭವನದ ಗುಲಾಬಿ ತೋಟದಲ್ಲಿ ನಿಂತು ಭೂಮಿ ಬಿಸಿಯಾಗುವುದನ್ನು ತಡೆಯಲು ಜಗತ್ತಿನ ದೇಶಗಳು 2015ರಲ್ಲಿ ಮಾಡಿಕೊಂಡ ಪ್ಯಾರಿಸ್ ಒಪ್ಪಂದದಿಂದ ಹೊರಬರುವುದಾಗಿ ಟ್ರಂಪ್ ಘೋಷಿಸಿದರು. ತಮ್ಮನ್ನು ಆರಿಸಿದ್ದು ಪಿಟ್ಸ್‌ಬರ್ಗ್ ನಾಗರಿಕರನ್ನು ಪ್ರತಿನಿಧಿಸಲು, ಪ್ಯಾರಿಸ್ಸಿನವರನ್ನಲ್ಲ ಎಂದರು. ಪಿಟ್ಸ್‌ಬರ್ಗ್ ನಗರದ ಬಹುಮತ 2016ರ ಚುನಾವಣೆಯಲ್ಲಿ ಅವರ ಎದುರಾಳಿ ಹಿಲರಿ ಕ್ಲಿಂಟನ್ ಅವರಿಗೆ ಬಿದ್ದಿತ್ತು. ತಮ್ಮ ಊರು ಪ್ಯಾರಿಸ್ ಗುರಿಗಳನ್ನೇ ಪಾಲಿಸುತ್ತದೆ ಎಂದು ಅಲ್ಲಿನ ಮೇಯರ್ ಬಿಲ್ ಪೆಡುಟೊ ಅಂದೇ ತಿರುಗಿ ಹೇಳಿದರು. ಅದೇ ಭಾಷಣದಲ್ಲಿ ಭಾರತದ ಮೇಲೂ ಒಂದು ಆರೋಪವಿತ್ತು. ಶ್ರೀಮಂತ ದೇಶಗಳಿಂದ ಕೋಟಿ ಕೋಟಿ ಡಾಲರ್ ನೆರವು ಪಡೆಯುವ ಷರತ್ತಿನ ಮೇಲೆಯೇ ಭಾರತ ಒಪ್ಪಂದಕ್ಕೆ ಸೇರಿದೆಯೆಂಬುದು ಅದರ ಸಾರ.

ಆ ಭಾಷಣ ನಡೆದ ಹೊತ್ತಿನಲ್ಲಿ ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಏನು ನಡೆಯುತ್ತಿತ್ತು? ತಿರುಮಣಿ, ವಳ್ಳೂರು, ರಾಯಚೆರ್ಲು ಸುತ್ತಮುತ್ತ ಸುಮಾರು 13,000 ಎಕರೆ ಬರಡು ಜಮೀನನ್ನು ರೈತರಿಂದ ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು ಸೌರ ಪಾರ್ಕ್ ಕಟ್ಟುವ ಕೆಲಸ ಸಾಗಿತ್ತು. 2018ರ ಆರಂಭದಲ್ಲಿ ಮೊದಲ ಹಂತದ ವಿದ್ಯುತ್ ಹರಿಯಿತು, 2019ರ ಕೊನೆಯ ಹೊತ್ತಿಗೆ ಸಾಮರ್ಥ್ಯ 2,050 ಮೆಗಾವಾಟ್ ಮುಟ್ಟಿತು. ಗುಲಾಬಿ ತೋಟದ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. (ಆ ಜಮೀನುಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಭೂಮಿಯಿಲ್ಲದವರಿಗೆ ಗುತ್ತಿಗೆಯ ಒಂದು ರೂಪಾಯಿಯೂ ಸೇರುವುದಿಲ್ಲ. ಅದರ ಬಗ್ಗೆ ಬೇರೆಯೇ ಜಗಳ ಆಡಬೇಕಿದೆ, ಇನ್ನೊಂದು ದಿನ ಆಡೋಣ.) 2030ರ ಹೊತ್ತಿಗೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲಗಳಾಚೆಯ ಮೂಲಗಳದ್ದಾಗಬೇಕೆಂಬ ಗುರಿಯನ್ನು ಭಾರತ 2025ರ ಮಧ್ಯದಲ್ಲೇ ತಲುಪಿತು. ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಇಂದಿಗೂ ಕಲ್ಲಿದ್ದಲಿನದೇ ದೊಡ್ಡ ಪಾಲು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ನೆರವಿಗೆ ಕೈಚಾಚಿ ಕುಳಿತ ದೇಶ ಐದು ವರ್ಷ ಮೊದಲೇ ಗುರಿ ಮುಟ್ಟುವುದಿಲ್ಲ.

ಕೊಡುವ ಮಾತಿಗೆ ಬಂದರೆ, ಬಡ ದೇಶಗಳಿಗೆ ನೆರವಾಗುವ ಹಸಿರು ಹವಾಮಾನ ನಿಧಿಗೆ 300 ಕೋಟಿ ಡಾಲರ್ ಕೊಡುವುದಾಗಿ ಬರಾಕ್ ಒಬಾಮ ಮಾತು ಕೊಟ್ಟಿದ್ದರು. ಅಧಿಕಾರ ಬಿಡುವುದರೊಳಗೆ 100 ಕೋಟಿ ಕೊಟ್ಟರು. ಉಳಿದ 200 ಕೋಟಿಯನ್ನು ಟ್ರಂಪ್ ತಡೆದರು. ಇತಿಹಾಸದುದ್ದಕ್ಕೂ ಜಗತ್ತು ಹೊರಬಿಟ್ಟ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದೇ. ಇಂದಿಗೂ ಅಲ್ಲಿನ ತಲಾ ಹೊರಸೂಸುವಿಕೆ ವರ್ಷಕ್ಕೆ ಸುಮಾರು 14 ಟನ್, ನಮ್ಮದು ಸುಮಾರು 2 ಟನ್. ಇಷ್ಟಾದ ಮೇಲೂ ಒಪ್ಪಂದ ಅಮೆರಿಕಕ್ಕೆ ಅನ್ಯಾಯವಂತೆ! ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶ ತನ್ನ ಗುರಿಯನ್ನು ತಾನೇ ಬರೆದುಕೊಳ್ಳುತ್ತದೆ, ತಪ್ಪಿದರೆ ದಂಡವಿಲ್ಲ. ಗುರಿ ಹೆಚ್ಚಾಯಿತು ಅನ್ನಿಸಿದ್ದರೆ ಅದನ್ನು ಬದಲಾಯಿಸಿಕೊಳ್ಳಬಹುದಿತ್ತು. ಹೊರನಡೆಯುವ ಅಗತ್ಯವಿದ್ದದ್ದು ಟ್ರಂಪ್ ಅವರ ಸಭಿಕರಿಗೆ. ನಡುವೆ ಬೈಡನ್ ಅಮೆರಿಕವನ್ನು ಒಪ್ಪಂದಕ್ಕೆ ಮರಳಿ ಸೇರಿಸಿದ್ದರು. 2025ರ ಜನವರಿ 20ರಂದು ಎರಡನೆಯ ಬಾರಿ ಹೊರಬರುವ ಆದೇಶಕ್ಕೆ ಅವರು ಸಹಿ ಹಾಕಿದ್ದು ಕಚೇರಿಯಲ್ಲಲ್ಲ, ವಾಷಿಂಗ್ಟನ್ನಿನ ಒಳಾಂಗಣ ಕ್ರೀಡಾಂಗಣವೊಂದರಲ್ಲಿ, ಬೆಂಬಲಿಗರ ಚಪ್ಪಾಳೆಯ ನಡುವೆ.

ಒಬಾಮ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪ್ಯಾರಿಸ್ ಒಪ್ಪಂದವನ್ನಾಗಲಿ ಇರಾನ್ ಪರಮಾಣು ಒಪ್ಪಂದವನ್ನಾಗಲಿ ಅವರು ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ಅನುಮೋದನೆಗೆ ಒಯ್ಯಲಿಲ್ಲ. ಒಯ್ದರೆ ಸೋಲು ಖಚಿತವೆಂದು ಗೊತ್ತಿತ್ತು. ಒಬಾಮ ಪೆನ್ನಿನಿಂದ ಕಟ್ಟಿದ್ದನ್ನು ಟ್ರಂಪ್ ಪೆನ್ನಿನಿಂದಲೇ ಕೆಡವಿದರು ಎಂದು ರಿಪಬ್ಲಿಕನ್ನರು ವಾದಿಸುತ್ತಾರೆ, ಅದರಲ್ಲಿ ಹುರುಳಿದೆ. ಹಾಗಾದರೆ 1992ರ ವಿಶ್ವಸಂಸ್ಥೆಯ ಹವಾಮಾನ ಚೌಕಟ್ಟು ಒಪ್ಪಂದದ ಗತಿ ಏನಾಯಿತು? ರಿಯೊ ಡಿ ಜನೈರೊದಲ್ಲಿ ಅದಕ್ಕೆ ಸಹಿ ಹಾಕಿದವರು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್. ಅದೇ ವರ್ಷ ಸೆನೆಟ್ ಅದನ್ನು ಒಪ್ಪಿತು. ಟ್ರಂಪ್ 2026ರ ಜನವರಿ 7ರಂದು 66 ಅಂತರರಾಷ್ಟ್ರೀಯ ಸಂಸ್ಥೆಗಳಿಂದ ಹೊರಬರುವ ಆದೇಶ ಹೊರಡಿಸಿದಾಗ ಆ ಪಟ್ಟಿಯಲ್ಲಿ ಇದೂ ಇತ್ತು. ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿ ಇತ್ತು. ಗುರುಗ್ರಾಮದಲ್ಲಿ ಮುಖ್ಯ ಕಚೇರಿ ಇರುವ, ಭಾರತ ಮತ್ತು ಫ್ರಾನ್ಸ್ ಸೇರಿ 2015ರಲ್ಲಿ ಹುಟ್ಟುಹಾಕಿದ ಅಂತರರಾಷ್ಟ್ರೀಯ ಸೌರ ಒಕ್ಕೂಟವೂ ಇತ್ತು. ಪರಿಸರ ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದ ನಿಕ್ಸನ್, ಓಜೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಹಾಕಿಸಿದ ರೇಗನ್ ಇದ್ದ ಪಕ್ಷ ಇದೇ ಎಂದು ಇಂದಿನ ರಿಪಬ್ಲಿಕನ್ನರಿಗೆ ನೆನಪಿಸಿದರೆ ಅವರಿಗೇ ಮುಜುಗರವಾದೀತು.

ತಾನು ಹೊರನಡೆಯುವುದು ಒಂದು ಬಗೆಯಾದರೆ, ಉಳಿದವರನ್ನೂ ಕುಳಿತಲ್ಲಿಂದ ಎಬ್ಬಿಸುವುದು ಇನ್ನೊಂದು ಬಗೆ. 2025ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ನಡೆದದ್ದು ಎರಡನೆಯದು. ನಮ್ಮ ಪತ್ರಿಕೆಗಳಲ್ಲಿ ಆ ಸುದ್ದಿಗೆ ಸಿಗಬೇಕಾದ ಜಾಗ ಸಿಗಲಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ನೂರಕ್ಕೆ ಮೂರರಷ್ಟು ಸರಕು ಹಡಗುಗಳಿಂದ ಬರುತ್ತದೆ. 5,000 ಟನ್ನೇಜಿಗೂ (ಇದು ಹಡಗಿನ ಗಾತ್ರದ ಅಳತೆ) ದೊಡ್ಡ ಹಡಗುಗಳು ಮಿತಿ ಮೀರಿ ಹೊರಬಿಟ್ಟ ಹೊಗೆಗೆ ಟನ್ನಿಗೆ 100ರಿಂದ 380 ಡಾಲರ್ ತೆರಬೇಕೆಂಬ ನಿಯಮವನ್ನು ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕಡಲ ಸಂಸ್ಥೆ ವರ್ಷಗಟ್ಟಲೆ ಚರ್ಚಿಸಿ ರೂಪಿಸಿತ್ತು. ಏಪ್ರಿಲಿನಲ್ಲಿ 63 ದೇಶಗಳು ಪರವಾಗಿ, 16 ವಿರುದ್ಧವಾಗಿ ಮತ ಹಾಕಿದ್ದವು. ಅಕ್ಟೋಬರಿನಲ್ಲಿ ಅಂತಿಮ ಅಂಗೀಕಾರವಷ್ಟೇ ಬಾಕಿ. ಅಷ್ಟರಲ್ಲಿ ಅಮೆರಿಕದ ಮೂವರು ಸಚಿವರು ಜಂಟಿ ಹೇಳಿಕೆ ಹೊರಡಿಸಿದರು. ಪರವಾಗಿ ಮತ ಹಾಕುವ ದೇಶಗಳ ಹಡಗುಗಳಿಗೆ ಬಂದರು ಶುಲ್ಕ, ನಾವಿಕರಿಗೆ ವೀಸಾ ನಿರ್ಬಂಧ, ಅಧಿಕಾರಿಗಳ ಮೇಲೂ ದಿಗ್ಬಂಧನ ಎಂಬ ಬೆದರಿಕೆಗಳ ಸರಮಾಲೆಯೇ ಅದರಲ್ಲಿತ್ತು. ಅಕ್ಟೋಬರ್ 17ರಂದು ಸೌದಿ ಅರೇಬಿಯ ಮುಂದೂಡಿಕೆಯ ಸೂಚನೆ ಮಂಡಿಸಿತು. 57 ಪರ, 49 ವಿರುದ್ಧ. ನಿಯಮ ಒಂದು ವರ್ಷ ಮುಂದಕ್ಕೆ ಹೋಯಿತು.

ನಮ್ಮ ಕರಾವಳಿಯಲ್ಲಿ ಹಡಗಿನಲ್ಲಿ ದುಡಿಯುವ ಮಕ್ಕಳಿರುವ ಮನೆಗಳು ಎಷ್ಟಿವೆ ಎಂದು ಮಂಗಳೂರಿನವರಿಗೆ ಹೇಳಿಕೊಡಬೇಕಿಲ್ಲ. ಸರ್ಕಾರವೊಂದು ಹೊಗೆಯ ಮೇಲಿನ ಶುಲ್ಕದ ಪರವಾಗಿ ಮತ ಹಾಕಿದರೆ ಆ ಹುಡುಗರ ವೀಸಾ ಒತ್ತೆಯಾಗುತ್ತದೆ. ಇದನ್ನು ರಾಜತಾಂತ್ರಿಕತೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಸಂತೆಯಲ್ಲಿ ತನ್ನ ಮಾಲು ಹೋಗಲೆಂದು ಪಕ್ಕದವನ ತಕ್ಕಡಿ ಮುರಿಯುವವನಿಗೆ ಊರಲ್ಲಿ ಏನೆನ್ನುತ್ತಾರೋ ಅದನ್ನೇ ಇವರಿಗೂ ಅನ್ನಬೇಕು.

ಮಾರಾಟದ ಕೈ ನೋಡಬೇಕಾದರೆ 2025ರ ಜುಲೈ 27ಕ್ಕೆ ಹೋಗಿ. ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ, ಟ್ರಂಪ್ ಅವರದೇ ಗಾಲ್ಫ್ ರೆಸಾರ್ಟಿನಲ್ಲಿ, ಐರೋಪ್ಯ ಒಕ್ಕೂಟದ ಮುಖ್ಯಸ್ಥೆ ಉರ್ಸುಲಾ ವಾನ್ ಡೆರ್ ಲೇಯೆನ್ ವ್ಯಾಪಾರ ಒಪ್ಪಂದಕ್ಕೆ ತಲೆಯಾಡಿಸಿದರು. ಮೂರು ವರ್ಷಗಳಲ್ಲಿ 75,000 ಕೋಟಿ ಡಾಲರಿನ ಅಮೆರಿಕದ ಇಂಧನ ಖರೀದಿಸುವುದು ಅದರ ಒಂದು ಭಾಗ. ಮೊದಲು ಸುಂಕದ ಬೆದರಿಕೆ, ಆಮೇಲೆ ಅನಿಲದ ಬಿಲ್. ಸೆಪ್ಟೆಂಬರ್ 23ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಹವಾಮಾನ ಬದಲಾವಣೆಯೆಂಬುದು ಜಗತ್ತಿನ ಮೇಲೆ ನಡೆದ ಅತಿ ದೊಡ್ಡ ವಂಚನೆ ಎಂದು ಟ್ರಂಪ್ ಸಾರಿದಾಗ ಹಲವರು ನಕ್ಕರು. ನನಗೆ ನಗು ಬರಲಿಲ್ಲ. ಗಾಳಿ ಯಂತ್ರ, ಸೌರ ಫಲಕಗಳ ಬದಲು ತನ್ನ ಅನಿಲ ಕೊಳ್ಳಿರೆಂದು ಹೇಳುವ ಮಾರಾಟಗಾರ ಇನ್ನೇನು ಹೇಳಬೇಕಿತ್ತು? ತಮ್ಮ ದೇಶದಲ್ಲೂ ಅವರು ಅದನ್ನೇ ಮಾಡಿದರು. ರೋಡ್ ಐಲೆಂಡ್ ಕಡಲಿನಲ್ಲಿ ಶೇ 80ರಷ್ಟು ಮುಗಿದಿದ್ದ ಗಾಳಿ ವಿದ್ಯುತ್ ಯೋಜನೆಯ ಕೆಲಸವನ್ನು 2025ರ ಆಗಸ್ಟಿನಲ್ಲಿ ನಿಲ್ಲಿಸಿದರು. ತಿಂಗಳ ನಂತರ ನ್ಯಾಯಾಲಯ ಆ ತಡೆಯನ್ನು ಬದಿಗಿರಿಸಬೇಕಾಯಿತು.

ಈಗ ಭಾರತದ ಸರದಿ. 2025ರ ಆಗಸ್ಟ್ 7ರಿಂದ ಶೇ 25 ಸುಂಕ, ರಷ್ಯಾದ ತೈಲ ಕೊಂಡ ತಪ್ಪಿಗೆ ಆಗಸ್ಟ್ 27ರಿಂದ ಇನ್ನೊಂದು ಶೇ 25. ನಮಗಿಂತ ಹೆಚ್ಚು ರಷ್ಯಾ ತೈಲ ಕೊಳ್ಳುವ ಚೀನಾಕ್ಕೆ ಆ ದಂಡ ಬೀಳಲಿಲ್ಲ. ಅಮೆರಿಕ ತಾನೇ ರಷ್ಯಾದಿಂದ ಪರಮಾಣು ಉದ್ಯಮಕ್ಕೆ ಯುರೇನಿಯಂ, ಹೊಲಗಳಿಗೆ ಗೊಬ್ಬರ ತರಿಸಿಕೊಳ್ಳುತ್ತಿದೆ ಎಂದು ನಮ್ಮ ವಿದೇಶಾಂಗ ಸಚಿವಾಲಯ ಬಹಿರಂಗವಾಗಿಯೇ ಹೇಳಿತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ದಂಡದ ಸುತ್ತ ಉಕ್ರೇನಿನ ಶಾಂತಿಯ ಮಾತು ಬಹಳ ಕೇಳಿಬಂತು. ಆದರೆ 2025ರ ಫೆಬ್ರುವರಿ 28ರಂದು ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಅವರನ್ನು ಕ್ಯಾಮೆರಾಗಳ ಮುಂದೆ ಕೂರಿಸಿ ಗದರಿದವರು, ಆಗಸ್ಟ್ 15ರಂದು ಅಲಾಸ್ಕದಲ್ಲಿ ಪುಟಿನ್‌ಗೆ ಕೆಂಪು ಹಾಸು ಹಾಸಿದವರು ಇದೇ ಅಧ್ಯಕ್ಷರು. ಕೊನೆಗೆ 2026ರ ಫೆಬ್ರುವರಿಯಲ್ಲಿ ಸುಂಕ ಶೇ 18ಕ್ಕೆ ಇಳಿಯುತ್ತದೆಂದು ಪ್ರಕಟಿಸುವಾಗ ಟ್ರಂಪ್ ತಮ್ಮ ಜಾಲತಾಣದಲ್ಲಿ ಬರೆದದ್ದೇನು? ಭಾರತ ರಷ್ಯಾದ ತೈಲ ನಿಲ್ಲಿಸಿ ಅಮೆರಿಕದಿಂದ, ಬಹುಶಃ ವೆನೆಜುವೆಲಾದಿಂದ, ಹೆಚ್ಚು ತೈಲ ಕೊಳ್ಳಲು ಒಪ್ಪಿದೆ ಎಂದು. ವೆನೆಜುವೆಲಾದ ಅಧ್ಯಕ್ಷರನ್ನು ಅಮೆರಿಕದ ಸೇನೆ ಹೊತ್ತೊಯ್ದು ಆಗಿನ್ನೂ ಒಂದು ತಿಂಗಳಷ್ಟೇ ಆಗಿತ್ತು.

ಪಾಕಿಸ್ತಾನದ ಜೊತೆಗಿನ ಕದನ ವಿರಾಮದ ಶ್ರೇಯಸ್ಸು, ಸೇನಾ ಮುಖ್ಯಸ್ಥ ಆಸಿಮ್ ಮುನೀರ್ ಅವರಿಗೆ ಶ್ವೇತಭವನದಲ್ಲಿ ಊಟ, ನೊಬೆಲ್ ಹಂಬಲ ಇವೆಲ್ಲ ನಿಮಗೆ ಗೊತ್ತಿರುವುದೇ.

ಗ್ರೀನ್‌ಲ್ಯಾಂಡ್ ಪ್ರಕರಣ ಮಾತ್ರ ವಿಚಿತ್ರ. ಭೂಮಿ ಬಿಸಿಯಾಗುತ್ತಿರುವುದು ಸುಳ್ಳು ಎನ್ನುವ ಅಧ್ಯಕ್ಷರಿಗೆ ಡೆನ್ಮಾರ್ಕಿಗೆ ಸೇರಿದ ಆ ದ್ವೀಪ ಬೇಕೇಬೇಕು. ಅದರ ಸುತ್ತಲಿನ ಹಡಗು ಮಾರ್ಗಗಳ, ಖನಿಜಗಳ ಬೆಲೆ ಏರುತ್ತಿರುವುದು ಮಂಜು ಕರಗುತ್ತಿರುವುದರಿಂದಲೇ.

"ಬೈಡನ್ ಕಾಲದಲ್ಲೂ ಅಮೆರಿಕದ ತೈಲ ಉತ್ಪಾದನೆ ದಾಖಲೆ ಮುಟ್ಟಲಿಲ್ಲವೇ?" ಎಂದು ಕೇಳುವವರಿಗೆ ನನ್ನ ಉತ್ತರ, ಹೌದು, ಮುಟ್ಟಿತು. ಡೆಮಾಕ್ರಟರು ಸಂತರಲ್ಲ. ಆದರೆ ಅವರು ಹೊಗೆಯ ಶುಲ್ಕಕ್ಕೆ ಮತ ಹಾಕಿದ ದೇಶದ ನಾವಿಕನನ್ನು ಬೆದರಿಸಿರಲಿಲ್ಲ. "ಚೀನಾ ಹೊಗೆ ಬಿಡುತ್ತಲೇ ಇದೆಯಲ್ಲ?" ಎಂಬುದು ಮುಂದಿನ ಪ್ರಶ್ನೆ. ಬಿಡುತ್ತಿದೆ. ಜೊತೆಗೆ 2024 ಒಂದೇ ವರ್ಷದಲ್ಲಿ ಸುಮಾರು 277 ಗಿಗಾವಾಟ್ ಸೌರ ಸಾಮರ್ಥ್ಯ ಸೇರಿಸಿತು, ಜಗತ್ತಿನ ಸೌರ ಫಲಕ ತಯಾರಿಕೆಯ ಶೇ 80ಕ್ಕೂ ಹೆಚ್ಚು ಪಾಲು ಅದರ ಕೈಯಲ್ಲಿದೆ. ಅಮೆರಿಕವನ್ನು ಮತ್ತೆ ದೊಡ್ಡದು ಮಾಡುತ್ತೇನೆಂದವರು ಈ ಶತಮಾನದ ಅತಿ ದೊಡ್ಡ ಕಾರ್ಖಾನೆ ಉದ್ಯಮವನ್ನು ಬೀಜಿಂಗಿಗೆ ಬಿಟ್ಟುಕೊಟ್ಟರು.

ಕೊನೆಯದಾಗಿ ನ್ಯೂಜೆರ್ಸಿ, ಟೆಕ್ಸಸ್, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಪೌರತ್ವ ಪಡೆದ ಕನ್ನಡಿಗರಿಗೆ ಒಂದು ಮಾತು. ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕವೆಂದು 2025ರ ಸೆಪ್ಟೆಂಬರಿನಲ್ಲಿ ಘೋಷಿಸಿದಾಗ ನಿಮ್ಮಲ್ಲಿ ಎಷ್ಟೋ ಮಂದಿ ಗಾಬರಿಯಾದಿರಿ. ಹವಾಮಾನದ ವಿಷಯಕ್ಕೂ ಅಷ್ಟೇ ಗಮನ ಕೊಡಿ. 2026ರ ನವೆಂಬರ್ 3ರಂದು ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಎಲ್ಲ 435 ಸ್ಥಾನಗಳಿಗೂ ಚುನಾವಣೆ. ಸ್ವಚ್ಛ ಇಂಧನದ ತೆರಿಗೆ ರಿಯಾಯಿತಿಗಳನ್ನು ಮೊಟಕುಗೊಳಿಸಿದ 2025ರ ಜುಲೈನ ಮಸೂದೆ ಆ ಸಭೆಯಲ್ಲಿ ಗೆದ್ದದ್ದು 218ಕ್ಕೆ 214 ಮತಗಳಿಂದ. ನಿಮ್ಮ ಕ್ಷೇತ್ರದ ಪ್ರತಿನಿಧಿ ಅಂದು ಯಾವ ಕಡೆ ಇದ್ದರೆಂಬುದು ಸಾರ್ವಜನಿಕ ದಾಖಲೆಯಲ್ಲಿದೆ, ಹುಡುಕಲು ಎರಡು ನಿಮಿಷವೂ ಬೇಡ.