ಉಷ್ಣ ಅಲ್ಲ ಕಣ್ರೀ ಅದು

ನನಗೆ 52. ಮುಟ್ಟು ನಿಂತು ನಾಲ್ಕು ವರ್ಷ ಆಯಿತು. ಹೋದ ವರ್ಷ ಕೆಳಗೆ ಉರಿ ಶುರುವಾದಾಗ ಅಮ್ಮ, ಅತ್ತಿಗೆ, ಪಕ್ಕದ ಮನೆಯವರು ಎಲ್ಲರದ್ದೂ ಒಂದೇ ಮಾತು: ಉಷ್ಣ. ಎಳನೀರು, ಬಾರ್ಲಿ ನೀರು, ಕಾಮಕಸ್ತೂರಿ, ನೆನೆಸಿದ ಮೆಂತ್ಯ. ಎಲ್ಲ ಕುಡಿದೆ. ಬಾತ್‌ರೂಮಿಗೆ ಓಡಾಟ ಜಾಸ್ತಿ ಆಯಿತೇ ಹೊರತು ಉರಿ ಹೋಗಲಿಲ್ಲ.

ಮೊದಲನೇ ಡಾಕ್ಟರು ಮುಖ ಕೂಡ ನೋಡದೆ ಮೂತ್ರದ ಸೋಂಕಿಗೆ ಮಾತ್ರೆ ಬರೆದರು. ಎರಡನೆಯವರು ಪರೀಕ್ಷೆ ಮಾಡಿ, ಯೋನಿ ಒಣಗಿದೆ ಅಂದರು. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇಳಿದಾಗ ಒಳಪದರ ತೆಳ್ಳಗಾಗುತ್ತದೆ, ಪಸೆ ಆರುತ್ತದೆ. ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಕಡಿಮೆಯಾಗುತ್ತವೆ. ಪದೇ ಪದೇ ಸೋಂಕು ಬರುವುದು ಅದಕ್ಕೇ. ಮುಟ್ಟು ನಿಲ್ಲುವಾಗ ಮೈ ಬಿಸಿಯಾಗಿ ಬೆವರುವುದು ಎಷ್ಟೋ ಜನರಿಗೆ ಕಾಲ ಕಳೆದ ಹಾಗೆ ತಗ್ಗುತ್ತದೆ. ಈ ಒಣಗುವುದು ಸುಮ್ಮನೆ ಬಿಟ್ಟರೆ ಸಾಮಾನ್ಯವಾಗಿ ತಗ್ಗುವುದಿಲ್ಲ.

ನನಗೆ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು. ಹಾಗಾಗಿ ಇದಕ್ಕೆ ಕೊಡುವ ಈಸ್ಟ್ರೋಜನ್ ಹಾರ್ಮೋನ್ ಕ್ರೀಮಿನ ವಿಷಯ ಕ್ಯಾನ್ಸರ್ ಡಾಕ್ಟರ ಹತ್ತಿರ ಮಾತಾಡಿಯೇ ತೀರ್ಮಾನಿಸಬೇಕು, ಮೊದಲು ಹಾರ್ಮೋನ್ ಇಲ್ಲದ್ದು ನೋಡೋಣ ಅಂದರು.

ಇಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ, ನಾನು ಎರಡೂ ಒಂದೇ ಅಂದುಕೊಂಡಿದ್ದೆ. ಮಾಯಿಶ್ಚರೈಸರ್ ಅನ್ನುವುದು ಒಡೆದ ಹಿಮ್ಮಡಿಗೆ ಹಚ್ಚುವ ಮುಲಾಮಿನ ಹಾಗೆ. ಗಂಡ ಇರಲಿ ಇಲ್ಲದಿರಲಿ, ವಾರಕ್ಕೆ ಎರಡು ಮೂರು ಸಲ ಹಚ್ಚುತ್ತಲೇ ಇರಬೇಕು. ನನ್ನದು ಹೈಲುರಾನಿಕ್ ಆ್ಯಸಿಡ್ (ಪಸೆ ಹಿಡಿದಿಡುವ ವಸ್ತು) ಇರುವ ಜೆಲ್. ಲೂಬ್ರಿಕೆಂಟ್ ಅನ್ನುವುದು ಬಾಗಿಲ ತಿರುಗಣೆಗೆ ಬಿಡುವ ಎಣ್ಣೆ, ಗಂಡ ಹೆಂಡತಿ ಕೂಡುವ ಹೊತ್ತಿಗೆ ಮಾತ್ರ. ಕೊಬ್ಬರಿ ಎಣ್ಣೆ ಸಾಲದಾ ಅಂತ ಕೇಳುವವರಿದ್ದಾರೆ. ಕಾಂಡೋಮ್ ಬಳಸುವವರು ಹುಷಾರು, ಎಣ್ಣೆ ತಾಗಿದರೆ ಅದರ ಲೇಟೆಕ್ಸ್ ರಬ್ಬರು ಹರಿಯಬಹುದು. ಸೋಪು, ಘಮಘಮ ಅನ್ನುವ ವಾಶ್‌ಗಳನ್ನು ಮಾತ್ರ ಅಲ್ಲಿಂದ ದೂರ ಇಡಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಜೆಲ್ ಹಚ್ಚಿ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಒಂದು ಕ್ಲಿನಿಕ್ಕಿನವರು ಈ ಒಣಗುವುದಕ್ಕೆ ಯೋನಿಗೆ ಲೇಸರ್ ಮಾಡಿಸಿಕೊಳ್ಳಿ ಅಂತ ಬೆನ್ನು ಬಿದ್ದರು. ಅದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿತ್ತು. 2021ರಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ನಿಜವಾದ ಲೇಸರ್‌ಗೂ ಮಾಡಿದ ಹಾಗೆ ತೋರಿಸುವ ಸುಳ್ಳು ಲೇಸರ್‌ಗೂ ವರ್ಷದ ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ವ್ಯಾಪಾರ ನೋಡಿದರೆ ನನಗೆ ಮೈ ಉರಿಯುತ್ತದೆ. ಇದಂತೂ ಖಂಡಿತ ಉಷ್ಣವೇ!

ಜೆಲ್‌ನಿಂದ ಪವಾಡ ಏನೂ ಆಗಲಿಲ್ಲ. ಕೆಲವು ವಾರಗಳಲ್ಲಿ ಉರಿ ತಗ್ಗಿತು, ಕೂತು ಏಳುವುದು ಸಲೀಸಾಯಿತು. ಜೆಲ್ ತರುವುದಕ್ಕಿಂತ ಗಂಡನಿಗೆ ಬಾಯಿ ಬಿಟ್ಟು ಹೇಳುವುದೇ ಕಷ್ಟ ಆಗಿತ್ತು. ಅಷ್ಟು ದಿನ ನನಗೆ ತಮ್ಮ ಮೇಲೆ ಬೇಜಾರು ಅಂತ ಅವರು ಅಂದುಕೊಂಡಿದ್ದರಂತೆ, ಪಾಪ.

ಮೊನ್ನೆ ಅಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವಳಿಗೆ 77. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನನಗೂ ಹಾಗೇ ಕಣೇ" ಅಂದಳು. ಈಗಲೂ ಇದೆಯಾ ಅಂತ ಕೇಳಿದೆ. ಇದೆ ಅಂದಳು. ಮಾರನೇ ದಿನ ಅವಳನ್ನು ನನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬರುವಾಗ ಮೆಡಿಕಲ್ ಶಾಪಿನಲ್ಲಿ ಎರಡು ಟ್ಯೂಬ್ ಕೊಂಡೆವು.